ಮೂವತ್ತರಲ್ಲಿ ಬಾರದವಳು

ಬಟ್ಟೆ ಸುಟ್ಟದ್ದು ಟೈಲರಮ್ಮನ ಮೂಗಿಗೆ ಗೊತ್ತಾಗಲಿಲ್ಲ, ಕಣ್ಣಿಗೆ ಗೊತ್ತಾಯಿತು.

ಶುಕ್ರವಾರ ಬೆಳಗ್ಗೆ ಹತ್ತೂವರೆ ಇರಬೇಕು. ಅಣ್ಣನ ಮಗಳು ಗುಬ್ಬಿಯ ಮದುವೆಗೆ ಇನ್ನು ಎರಡೇ ದಿನ. ಮದುವಣಗಿತ್ತಿಯ ಉಡುಪಿಗೆ ಕೊನೆಯ ಇಸ್ತ್ರಿ ಹಾಕುವ ಮೊದಲು ಟೈಲರಮ್ಮ ಎಂದಿನಂತೆ ಉಳಿದ ಚೂರು ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆಯಿಟ್ಟು ಕಾವು ನೋಡುತ್ತಿದ್ದಳು. ಅಷ್ಟರಲ್ಲಿ ಉಡುಪಿನ ಬೆನ್ನಿನ ಒಂದು ಗುಂಡಿ ಸಡಿಲವಾದಂತೆ ಕಂಡು ಆ ಕಡೆ ತಿರುಗಿದಳು. ಮತ್ತೆ ಇತ್ತ ನೋಡಿದರೆ ಮೇಜಿನ ಮೇಲೆ ಹೊಗೆ. ಚೂರು ಬಟ್ಟೆ ಕಂದುಗಟ್ಟಿ ಪೆಟ್ಟಿಗೆಗೆ ಅಂಟಿಕೊಂಡಿತ್ತು.

ಮೂವತ್ತೈದು ವರ್ಷದಿಂದ ಇದೇ ಕೆಲಸ. ಪಕ್ಕದ ಕೋಣೆಯಲ್ಲಿ ಬಟ್ಟೆ ಕಮರಿದರೂ ಇಲ್ಲಿ ಕೂತಲ್ಲೇ ಹಿಡಿಯುತ್ತಿದ್ದ ಮೂಗು ಅವಳದು. ಸುಟ್ಟ ಚೂರನ್ನು ಮೂಗಿನ ಹತ್ತಿರ ತಂದಳು. ಏನೂ ಇಲ್ಲ. ಮೆಷಿನ್ನಿಗೆ ಬಿಡುವ ಎಣ್ಣೆಯ ಶೀಸೆಯ ಮುಚ್ಚಳ ತೆಗೆದು ಮೂಸಿದಳು. ಬಚ್ಚಲಿಗೆ ಹೋಗಿ ಫಿನಾಯಿಲ್ ಮೂಸಿದಳು. ನೀರು ಮೂಸಿದ ಹಾಗಿತ್ತು.

ಆ ಕೊರೋನ ಕಾಲದಲ್ಲಿ ಅದರ ಅರ್ಥವೇನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ತಾನು ಅಷ್ಟು ಜಾಗ್ರತೆ ಮಾಡಿದ್ದೇನಾಯಿತು ಎಂದು ಮೊದಲು ಅವಳಿಗೆ ಸಿಟ್ಟು ಬಂತು. ಗಿರಾಕಿಗಳನ್ನು ಹೊಸ್ತಿಲಿಂದ ಒಳಗೆ ಬಿಡದೆ, ಟೇಪನ್ನು ಅವರ ಕೈಗೇ ಕೊಟ್ಟು "ಎದೆ ಸುತ್ತ ಹಿಡೀರಿ, ಹಾಂ, ನಂಬರು ಓದಿ" ಎಂದು ದೂರದಿಂದಲೇ ಅಳತೆ ತೆಗೆದುಕೊಂಡವಳು. ಗುಬ್ಬಿಗೆ ಕೊನೆಯ ಸಲ ಉಡುಪು ತೊಡಿಸಿ ನೋಡಿದ್ದು ಹನ್ನೆರಡು ದಿನದ ಹಿಂದೆ. ಅದೂ ಎರಡು ಕಿಟಕಿ, ಒಂದು ಬಾಗಿಲು ತೆರೆದಿಟ್ಟು, ಇಬ್ಬರೂ ಮಾಸ್ಕ್ ಹಾಕಿಕೊಂಡು. ಆಮೇಲೆ ಅಣ್ಣನ ಮನೆಯ ಕಡೆ ತಲೆ ಹಾಕಿರಲಿಲ್ಲ. ಅಲ್ಲಿ ಎಂಬತ್ತೆರಡರ ಅಮ್ಮ ಇದ್ದಳು. ಮದುವೆಯ ದಿನ ಅಮ್ಮನ ಪಕ್ಕದಲ್ಲಿ ಧೈರ್ಯವಾಗಿ ಕೂರಬೇಕೆಂದೇ ಇಷ್ಟು ದಿನ ಒಬ್ಬಳೇ ಒದ್ದಾಡಿದ್ದಳು.

ಅಣ್ಣನಿಗೆ ಫೋನ್ ಮಾಡಿದಳು. ಅಣ್ಣನದು ಪೇಟೆಯಲ್ಲಿ ಕನ್ನಡಕದ ಅಂಗಡಿ.

"ಅಣ್ಣಾ, ನಾನು ಮದುವೆಗೆ ಬರಲ್ಲ. ಮೂಗಿಗೆ ವಾಸನೆ ಹತ್ತುತ್ತಾ ಇಲ್ಲ."

ಅಣ್ಣ ನಕ್ಕ. "ವಾಸನೆ ತಗೊಂಡು ಮದುವೇಲಿ ಏನ್ ಮಾಡ್ತೀಯ? ಊಟ ಕೆಟ್ಟಿದ್ರೂ ನಿಂಗೆ ಗೊತ್ತಾಗಲ್ಲ, ನಮಗೇ ಅನುಕೂಲ."

"ತಮಾಷೆ ಬೇಡ. ಅಮ್ಮ ಇರ್ತಾಳಲ್ಲಿ."

"ನೋಡು, ನೆಗಡಿಗೆಲ್ಲ ಹೀಗೆ ಹೌಹಾರಿದ್ರೆ ಹೇಗೆ? ಎರಡು ಮಾತ್ರೆ ನುಂಗು, ಬಿಸಿನೀರು ಕುಡಿ, ಬಂದು ಒಂದು ಮೂಲೇಲಿ ಕೂತ್ಕೋ. ಮೂವತ್ತೇ ಜನಕ್ಕೆ ಪರ್ಮಿಶನ್ನು. ನಿಮ್ಮತ್ತಿಗೆ ಕಡೆಯ ಮೂರು ಹೆಸರು ಹೊಡೆದುಹಾಕಿ ನಿನ್ನ ಹೆಸರು ಉಳಿಸಿದೀನಿ. ಮನೇಲಿ ಎಷ್ಟು ಮಾತು ಕೇಳಿದೀನಿ ಗೊತ್ತಾ? ಈಗ ಬರಲ್ಲ ಅಂದ್ರೆ ನಾನು ಮುಖ ಎಲ್ಲಿಟ್ಕೊಳ್ಳಲಿ?"

"ಈಗ ಟೆಸ್ಟ್ ಮಾಡಿಸ್ಕೊಂಡು ಬರ್ತೀನಿ, ನೋಡೋಣ."

"ಟೆಸ್ಟ್ ಗಿಸ್ಟ್ ಏನೂ ಬೇಡ!" ಅಣ್ಣನ ದನಿ ಏರಿತು. "ಪಾಸಿಟಿವ್ ಅಂತ ಬಂದ್ರೆ ಹನ್ನೆರಡು ದಿನದ ಹಿಂದೆ ಗುಬ್ಬಿ ನಿಮ್ಮನೆಗೆ ಬಂದಿದ್ದೂ ಬರೀಬೇಕಾಗುತ್ತೆ. ನಮ್ಮನೆ ಬಾಗಿಲಿಗೂ ಚೀಟಿ ಅಂಟಿಸಿ ಹೋಗ್ತಾರೆ. ಅಷ್ಟೂ ತಿಳಿಯಲ್ವಾ?"

ಟೈಲರಮ್ಮ ಹೋದಳು. ಆಸ್ಪತ್ರೆಯ ಹಿಂಬದಿಯ ಶೆಡ್ಡಿನಲ್ಲಿ ಒಂದೂವರೆ ಗಂಟೆ ಸಾಲಿನಲ್ಲಿ ನಿಂತು ಮೂಗು ಗಂಟಲು ಕೊಟ್ಟು ಬಂದಳು. ಎರಡು ವಾರದಲ್ಲಿ ಯಾರ ಹತ್ತಿರ ಹೋಗಿದ್ದಿರಿ ಎಂದು ಕೇಳಿದಾಗ ಗುಬ್ಬಿಯ ಹೆಸರು ಹೇಳಿದಳು, ದಿನಾಂಕವನ್ನೂ ಹೇಳಿದಳು. ಬರೆದುಕೊಳ್ಳುತ್ತಿದ್ದ ಹುಡುಗಿ "ಹನ್ನೆರಡು ದಿನ ಆಯ್ತಲ್ಲ, ಅವರಿಗೇನೂ ಇಲ್ಲ ಅಂದ್ರೆ ಬಿಡಿ" ಎಂದು ಮುಂದಿನವರನ್ನು ಕರೆದಳು. ಫಲಿತಾಂಶ ಶನಿವಾರ ಮಧ್ಯಾಹ್ನ ಬಂತು. ಪಾಸಿಟಿವ್.

ಇನ್ನು ಉಡುಪಿನ ಮಾತು. ಗುಬ್ಬಿ ಚಿಕ್ಕವಳಿದ್ದಾಗ ಅತ್ತಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಮಗು ಇಲ್ಲಿಗೇ ಬರುತ್ತಿತ್ತು. ಕತ್ತರಿಸುವ ಮೇಜಿನ ಕೆಳಗೆ ಬಟ್ಟೆ ಚೂರುಗಳ ರಾಶಿಯಲ್ಲಿ ಗೂಡು ಮಾಡಿಕೊಂಡು ಮಲಗುತ್ತಿದ್ದುದಕ್ಕೇ ಗುಬ್ಬಿ ಎಂಬ ಹೆಸರು ಬಿದ್ದದ್ದು. ಆ ಕಾಲದಿಂದ ಅತ್ತೆ ಸೊಸೆಯರ ನಡುವೆ ಒಂದು ಒಪ್ಪಂದ: ಮದುವೆಯ ಉಡುಪು ಅತ್ತೆಯ ಕೈಯದೇ. ಎರಡು ತಿಂಗಳು ಕೂತು ಹೊಲಿದಿದ್ದಳು. ಕೆನೆಬಣ್ಣದ ರೇಷ್ಮೆ, ಬೆನ್ನಿಗೆ ಅದೇ ಬಟ್ಟೆ ಸುತ್ತಿದ ಇಪ್ಪತ್ತೆಂಟು ಸಣ್ಣ ಗುಂಡಿ, ಅಂಚೆಲ್ಲ ಕೈಹೊಲಿಗೆ. ಗುಬ್ಬಿಯ ಎಡಭುಜ ಬಲಭುಜಕ್ಕಿಂತ ಒಂದು ಚೂರು ತಗ್ಗು. ಅದು ಕಾಣದ ಹಾಗೆ ಒಳಗೆ ತೆಳುವಾದ ಪ್ಯಾಡ್ ಇಟ್ಟಿದ್ದಳು. ಆ ತಗ್ಗು ಹೆತ್ತ ತಾಯಿಗೂ ಗೊತ್ತಿರಲಿಲ್ಲ.

ಶುಕ್ರವಾರ ಸಂಜೆ ಕೈಗವಸು, ಎರಡು ಮಾಸ್ಕ್ ಹಾಕಿಕೊಂಡು ಉಡುಪನ್ನು ಆವಿ ಇಸ್ತ್ರಿಯಲ್ಲಿ ಒಳಗೂ ಹೊರಗೂ ಮೂರು ಸಲ ತೀಡಿದಳು. ಹೊಸ ಚೀಲಕ್ಕೆ ಹಾಕಿ, "ನಾಳೆ ಇಡೀ ದಿನ ಬಿಸಿಲಲ್ಲಿ ನೇತುಹಾಕಿ, ಆಮೇಲೆ ಧೈರ್ಯವಾಗಿ ಹಾಕಿಕೊಳ್ಳಬಹುದು" ಎಂದು ಚೀಟಿ ಬರೆದು ಗೇಟಿಗೆ ತೂಗುಹಾಕಿದಳು. ಅಣ್ಣ ಬಂದು ಚೀಲವನ್ನು ಎರಡು ಬೆರಳಲ್ಲಿ ಹಿಡಿದು ಕಾರಿನ ಡಿಕ್ಕಿಗೆ ಹಾಕಿಕೊಂಡು ಹೋದ. ಮೇಲೆ ಕಿಟಕಿಯಲ್ಲಿ ನಿಂತಿದ್ದ ತಂಗಿಯನ್ನು ನೋಡಿದವನು ನೋಡದವನಂತೆ ಇದ್ದ.

ಶನಿವಾರ ಅತ್ತಿಗೆಯ ಫೋನು.

"ಏನಮ್ಮಾ, ಟೆಸ್ಟ್ ಮಾಡಿಸ್ಕೊಂಡೇ ಬಿಟ್ಯಂತೆ. ಅಷ್ಟು ಆತುರವೇನಿತ್ತು? ಎರಡು ದಿನ ತಡ್ಕೊಳ್ಳೋಕಾಗ್ಲಿಲ್ವಾ?"

"ಅತ್ತಿಗೆ, ನಿಮ್ಮೆಲ್ಲರ ಒಳ್ಳೇದಕ್ಕೇ..."

"ಒಳ್ಳೇದು! ಅದೊಂದು ಮಾತು ಕಲ್ತಿದೀಯ. ನೀನು ಒಳ್ಳೆಯವಳು ಅನ್ನಿಸ್ಕೊಳ್ಳೋಕೆ ನಮ್ಮ ಹುಡುಗಿ ಮದುವೇನೇ ಬೇಕಿತ್ತಾ?" ಫೋನು ಕಟ್.

ಭಾನುವಾರ ಬೆಳಗ್ಗೆ ಗುಬ್ಬಿಯ ಗೆಳತಿಯೊಬ್ಬಳು ವಿಡಿಯೋ ಕಾಲ್ ಮಾಡಿದಳು. ಟೈಲರಮ್ಮ ತಲೆ ಬಾಚಿ, ಮದುವೆಗೆಂದು ಇಟ್ಟಿದ್ದ ಬಟ್ಟೆಯನ್ನೇ ಉಟ್ಟು, ಫೋನನ್ನು ದಾರದ ಡಬ್ಬಿಗೆ ಒರಗಿಸಿ ಕೂತಿದ್ದಳು. ಜ್ವರ ಸಣ್ಣಗೆ ಇತ್ತು. ಮೊದಲು ಸಭಾಂಗಣದ ಸೀಲಿಂಗ್ ಕಂಡಿತು, ಆಮೇಲೆ ಯಾರದೋ ಮೊಣಕೈ, ದೂರದೂರ ಹಾಕಿದ ಕುರ್ಚಿಗಳು. ಕುರ್ಚಿಗಳನ್ನು ದೂರ ಹಾಕಿದ್ದರೂ ಜನ ಅವನ್ನು ಬಿಟ್ಟು ಒಂದೇ ಕಡೆ ಗುಂಪುಗೂಡಿದ್ದರು. ಮಾಸ್ಕುಗಳು ಗದ್ದಕ್ಕೆ ಇಳಿದಿದ್ದವು. ಆಮೇಲೆ ಗುಬ್ಬಿ ಕಂಡಳು.

ಗುಬ್ಬಿ ಬೇರೆ ಉಡುಪಿನಲ್ಲಿದ್ದಳು.

ಅಂಗಡಿಯಿಂದ ತಂದ ಸಿದ್ಧ ಉಡುಪು. ಹಾಲುಬಿಳುಪು, ಎದೆಯ ಮೇಲೆ ಮಿಂಚುವ ಕಲ್ಲುಗಳು. ಎಡಭುಜದ ಹತ್ತಿರ ಬಟ್ಟೆ ನೆರಿಗೆಗಟ್ಟಿ ಜೋಲುತ್ತಿತ್ತು. ಟೈಲರಮ್ಮನ ಕೈ ತಾನಾಗಿಯೇ ಗುಂಡುಸೂಜಿಯ ಡಬ್ಬಿಯ ಕಡೆ ಹೋಯಿತು, ಫೋನಿನೊಳಗೆ ಕೈ ಹಾಕಿ ಸರಿ ಮಾಡುವವಳ ಹಾಗೆ.

"ನಾನು ಹೊಲಿದದ್ದು ಎಲ್ಲಮ್ಮಾ?" ಎಂದು ಗೆಳತಿಯನ್ನು ಕೇಳಿದಳು.

"ಅದು... ನಿಮ್ಮತ್ತಿಗೆ ಬೇಡ ಅಂದ್ರು. ಕಾಯಿಲೆ ಮನೆಯಿಂದ ಬಂದಿದ್ದು ಅಂತ. ಅವರ ಮನೆ ವರಾಂಡದಲ್ಲೇ ಇದೆ ಚೀಲ, ಬಿಚ್ಚಲಿಲ್ಲ." ಹುಡುಗಿ ಕ್ಯಾಮೆರಾವನ್ನು ಬೇರೆ ಕಡೆ ತಿರುಗಿಸಿದಳು.

ಅಲ್ಲಿ ಅಮ್ಮ ಕೂತಿದ್ದಳು. ಗೋಡೆಯ ಪಕ್ಕ, ತೋಳಿರುವ ಕುರ್ಚಿಯಲ್ಲಿ, ಅಷ್ಟು ಸಡಗರದ ನಡುವೆ ಯಾರೋ ಮರೆತು ಬಿಟ್ಟುಹೋದವಳಂತೆ. ಫೋನನ್ನು ಮುಖದ ಮುಂದೆ ಹಿಡಿದಾಗ ಕಣ್ಣು ಕಿರಿದು ಮಾಡಿ ನೋಡಿದಳು.

"ಎಲ್ಲಿದೀಯೇ? ಬೆಳಗ್ಗೆಯಿಂದ ಬಾಗಿಲು ನೋಡ್ತಾ ಇದೀನಿ. ಊಟಕ್ಕಾದ್ರೂ ಬಾ."

"ಅಮ್ಮಾ, ನಂಗೆ ಹುಷಾರಿಲ್ಲ. ಮಾಸ್ಕ್ ತೆಗೀಬೇಡ. ಯಾರನ್ನೂ ಹತ್ತಿರ ಸೇರಿಸ್ಬೇಡ."

"ಏನಂತಾಳೆ?" ಅಮ್ಮನಿಗೆ ಕಿವಿ ಮಂದ.

ಆಗ ಮೈಕಾಸುರ ಬಂದ. ಅತ್ತಿಗೆಯ ತಮ್ಮ, ಗುಬ್ಬಿಯ ಸೋದರಮಾವ. ಯಾವ ಸಮಾರಂಭದಲ್ಲೂ ಮೈಕು ಹಿಡಿದರೆ ಬಿಡದ ಆಸಾಮಿಯಾದ್ದರಿಂದ ಎರಡೂ ಮನೆಯಲ್ಲಿ ಅವನಿಗೆ ಅದೇ ಹೆಸರು. ಅವನಿಲ್ಲದೆ ಮದುವೆ ಕಳೆಗಟ್ಟುವುದಿಲ್ಲ ಎಂದು ಎಲ್ಲರೂ ಒಪ್ಪುತ್ತಿದ್ದರು. ಒಳ್ಳೆಯ ಮನುಷ್ಯನೇ. ಮುದುಕಿ ಒದ್ದಾಡುವುದನ್ನು ಕಂಡು ಓಡಿಬಂದಿದ್ದ. ಮುಖ ಕೆಂಪಾಗಿತ್ತು, ಹಣೆಯಲ್ಲಿ ಬೆವರು. ಮಾಸ್ಕನ್ನು ಕೆಳಗೆಳೆದು, ಬಾಯನ್ನು ಅಮ್ಮನ ಕಿವಿಗೆ ತಾಗುವಷ್ಟು ಹತ್ತಿರ ತಂದು ಕೂಗಿದ: "ಯಾರನ್ನೂ ಹತ್ತಿರ ಸೇರಿಸ್ಬೇಡಿ ಅಂತಾರೆ, ಅಮ್ಮಾ! ಮಾಸ್ಕ್! ತೆಗೀಬೇಡಿ ಅಂತಾರೆ!" ಆಮೇಲೆ ಕೆಮ್ಮಿದ. ಸುತ್ತಲಿದ್ದವರು ನಕ್ಕರು. ಅಮ್ಮನೂ ನಕ್ಕಳು.

"ದೂರ ಹೋಗಿ! ದೂರ ನಿಂತ್ಕೊಂಡು ಹೇಳಿ!" ಎಂದು ಟೈಲರಮ್ಮ ಚೀರಿದಳು. ಅಷ್ಟರಲ್ಲಿ ಸಂಗೀತ ಶುರುವಾಗಿತ್ತು. ಫೋನನ್ನು ಯಾರೋ ಮೇಜಿನ ಮೇಲೆ ಅಂಗಾತ ಇಟ್ಟರು. ಮತ್ತೆ ಸೀಲಿಂಗು.

ಐದನೆಯ ದಿನ ಅಮ್ಮನಿಗೆ ಜ್ವರ ಬಂತು. ಮದುವೆಗೆ ಹೋದವರಲ್ಲಿ ಇನ್ನೂ ಆರು ಮಂದಿ ಮಲಗಿದರು. ಎಲ್ಲರೂ ಎದ್ದರು, ಅಮ್ಮ ಏಳಲಿಲ್ಲ. ಅವಳನ್ನು ಸೇರಿಸಿದ್ದ ಆಸ್ಪತ್ರೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಟೈಲರಮ್ಮ ತನ್ನ ಹದಿನಾಲ್ಕು ದಿನ ಮುಗಿಸಿದ ಮಾರನೆಯ ಬೆಳಗ್ಗೆ ಅಲ್ಲಿಗೆ ಹೋಗಿ ಕೇಳೋಣವೆಂದು ಚಪ್ಪಲಿ ಮೆಟ್ಟುವ ಹೊತ್ತಿಗೆ ಫೋನು ಟಿಣ್ ಎಂದಿತು. ಕುಟುಂಬದ ಗ್ರೂಪಿನಲ್ಲಿ ದೂರದ ನೆಂಟನೊಬ್ಬ ಕೈಮುಗಿದ ಚಿತ್ರ ಹಾಕಿದ್ದ. ಅದರ ಕೆಳಗೆ ಇನ್ನೊಂದು, ಮತ್ತೊಂದು. ಮೇಲೆ ಸರಿಸುತ್ತ ಹೋದಳು. ಹಿಂದಿನ ದಿನ ಮಧ್ಯಾಹ್ನವೇ ಎಲ್ಲ ಮುಗಿದಿತ್ತು. ಅಂತ್ಯಕ್ರಿಯೆಗೆ ಹತ್ತು ಜನಕ್ಕೆ ಅವಕಾಶವಿತ್ತಂತೆ. ಹೋದವರು ಎಂಟು.

"ನಂಗೊಂದು ಮಾತು ಹೇಳ್ಬಾರದಿತ್ತಾ ಅಣ್ಣಾ?" ಎಂದಳು ಫೋನಿನಲ್ಲಿ.

"ನಿಂಗೆ ಹುಷಾರಿರ್ಲಿಲ್ವಲ್ಲ. ನಿನ್ನ ಒಳ್ಳೇದಕ್ಕೇ ಹೇಳ್ಲಿಲ್ಲ" ಎಂದ ಅಣ್ಣ. ಅವಳ ಮಾತನ್ನೇ ಅವಳಿಗೆ ತಿರುಗಿಸಿ ಕೊಟ್ಟನೋ, ಬಾಯಿಗೆ ಬಂದದ್ದು ಅಂದನೋ, ತಿಳಿಯಲಿಲ್ಲ.

ಆಮೇಲೆ ಕತೆಯೊಂದು ಹುಟ್ಟಿಕೊಂಡಿತು. ಯಾರು ಹುಟ್ಟಿಸಿದರೆಂದು ಹೇಳಲಾಗದು. ಇಂಥ ಕತೆಗಳಿಗೆ ತಂದೆತಾಯಿ ಇರುವುದಿಲ್ಲ. ಮನೆಯಲ್ಲಿ ಮೊದಲು ಕಾಯಿಲೆ ಬಿದ್ದವಳು ಯಾರು? ಟೈಲರಮ್ಮ. ಅವಳ ಮನೆಯಿಂದ ಬಂದದ್ದೇನು? ಚೀಲ. ಚೀಲ ಎಲ್ಲಿತ್ತು? ಎರಡು ದಿನ ವರಾಂಡದಲ್ಲಿ, ಮುದುಕಿ ಬಿಸಿಲು ಕಾಯಿಸುವ ಕುರ್ಚಿಯ ಪಕ್ಕ. ಅಷ್ಟು ಸಾಕಾಯಿತು. ಬಿಚ್ಚದ ಚೀಲದಿಂದ ಕಾಯಿಲೆ ಹೇಗೆ ಎದ್ದುಬಂತು ಎಂದು ಯಾರೂ ಕೇಳಲಿಲ್ಲ. ಗೂಬೆ ಕೂರಿಸಲು ಒಂದು ತಲೆ ಬೇಕಿತ್ತು. ಮದುವೆಗೆ ಬಂದವರಲ್ಲಿ ಉಳಿದ ಇಪ್ಪತ್ತೆಂಟು ತಲೆಗಳೂ ಪರಸ್ಪರ ಮುಖ ನೋಡಿಕೊಂಡು ಬದುಕಬೇಕಾದವು. ಬಾರದಿದ್ದ ತಲೆ ಒಂದೇ.

ಕತೆ ಅವಳ ಬೀದಿಗೂ ಬಂತು. ಹೊಲಿಯಲು ಕೊಟ್ಟಿದ್ದ ಇಬ್ಬರು ಬಟ್ಟೆ ವಾಪಸು ತೆಗೆದುಕೊಂಡು ಹೋದರು, "ಅರ್ಜೆಂಟಿಲ್ಲ ಟೈಲರಮ್ಮ, ನೀವು ಆರಾಮ್ ಮಾಡಿ" ಎಂದು ಬಹಳ ನಯವಾಗಿ.

ಎರಡು ತಿಂಗಳ ನಂತರ ಒಂದು ಮಧ್ಯಾಹ್ನ ಮೈಕಾಸುರ ಮೆಟ್ಟಿಲು ಹತ್ತಿ ಬಂದ. ಅರ್ಧ ಮನುಷ್ಯನಾಗಿದ್ದ. ಕೈಯಲ್ಲಿ ಎರಡು ಪ್ಯಾಂಟು.

"ಸೊಂಟ ಸಣ್ಣ ಮಾಡ್ಬೇಕಿತ್ತು" ಎಂದ. ಟೈಲರಮ್ಮ ಟೇಪು ತೆಗೆದಳು. ಅಳತೆ ಬರೆದುಕೊಂಡಳು. ಅವನು ಹೊರಡಲಿಲ್ಲ. ಗಿರಾಕಿಗಳ ಸ್ಟೂಲಿನ ತುದಿಯಲ್ಲಿ ಕೂತು ನೆಲ ನೋಡುತ್ತಿದ್ದ.

"ಅವತ್ತು ಬೆಳಗ್ಗೆ ನಂಗೆ ಜ್ವರ ಇತ್ತು. ನೂರಾ ಒಂದು."

ಟೈಲರಮ್ಮ ಪ್ಯಾಂಟುಗಳನ್ನು ಮಡಚಿ ಮೇಜಿನ ಮೇಲಿಟ್ಟಳು.

"ಮಾತ್ರೆ ನುಂಗಿ ಹೋದೆ. ಇಳೀತು. ಮದುವೆ ಕೆಡಬಾರದು ಅಂತ ಅಷ್ಟೇ. ನಾನಿಲ್ದಿದ್ರೆ ಮಾತಾಡೋರು ಯಾರು, ಗಂಡಿನ ಕಡೆಯವರನ್ನ ವಿಚಾರಿಸ್ಕೊಳ್ಳೋರು ಯಾರು... ಅಮ್ಮನ ಕಿವೀಲಿ ನಾನೇ..." ದೊಡ್ಡ ದನಿಯ ಮನುಷ್ಯ ಸಣ್ಣ ದನಿಯಲ್ಲಿ ಅಳತೊಡಗಿದ. "ಅಕ್ಕನಿಗೆ ಹೇಳ್ಬೇಡಿ. ಅವಳು ತಡ್ಕೊಳ್ಳಲ್ಲ. ನೀವಾದ್ರೆ ಅರ್ಥ ಮಾಡ್ಕೋತೀರ ಅಂತ ಬಂದೆ."

"ನಾನೇನು ಅರ್ಥ ಮಾಡ್ಕೋಬೇಕು?" ಎಂದಳು ಟೈಲರಮ್ಮ. "ನಿಮ್ಮ ಅಕ್ಕ ತಡ್ಕೊಳ್ಳಲ್ಲ. ನಾನು ತಡ್ಕೋತೀನಿ. ಅದನ್ನಾ?"

ಅವನು ಕಣ್ಣೊರೆಸಿಕೊಂಡು ಹೋದ. ಪ್ಯಾಂಟು ಅಲ್ಲೇ ಉಳಿಯಿತು.

ಮಾರನೆಯ ದಿನ ಅವಳು ಅಣ್ಣನ ಅಂಗಡಿಗೆ ಹೋದಳು. ಗಿರಾಕಿಗಳಿರಲಿಲ್ಲ. ಗೋಡೆಯ ತುಂಬ ಗಾಜಿಲ್ಲದ ಫ್ರೇಮುಗಳು. ಅಣ್ಣ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಮೆತ್ತನೆ ಬಟ್ಟೆಯಲ್ಲಿ ಯಾರದೋ ಕನ್ನಡಕ ಒರೆಸುತ್ತಿದ್ದ. ಅವಳು ನಿಂತೇ ಎಲ್ಲ ಹೇಳಿದಳು. ಹೇಳುವಾಗ ಒಂದು ಆಸೆಯಿತ್ತು. ಅಣ್ಣ ಬೆಚ್ಚಿಬೀಳುತ್ತಾನೆ, ಸಿಟ್ಟಾಗುತ್ತಾನೆ, ಆಮೇಲೆ ತನ್ನ ಕೈ ಹಿಡಿದುಕೊಂಡು ತಪ್ಪಾಯಿತು ಎನ್ನುತ್ತಾನೆ ಎಂದು.

ಅಣ್ಣ ಕನ್ನಡಕ ಒರೆಸುತ್ತಲೇ ಇದ್ದ.

"ಗೊತ್ತು" ಎಂದ.

"ಯಾವಾಗಿಂದ?"

"ಅವತ್ತಿಂದಲೇ. ಬೆಳಗ್ಗೆ ಫೋನ್ ಮಾಡಿದ್ದ, ಏನ್ ಮಾಡ್ಲಿ ಭಾವ ಅಂತ. ಮಾತ್ರೆ ಕೊಟ್ಟಿದ್ದು ನಾನೇ." ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿದ. "ನಿಂಗೂ ಅದನ್ನೇ ತಾನೇ ಹೇಳಿದ್ದು? ಮಾತ್ರೆ ನುಂಗಿ ಬಾ ಅಂತ? ಅವನು ಕೇಳಿದ, ನೀನು ಕೇಳ್ಲಿಲ್ಲ."

"ಮತ್ತೆ ಎಲ್ಲರೂ ನನ್ನಿಂದ ಬಂತು ಅಂದಾಗ ನೀನು ಬಾಯಿ ಮುಚ್ಕೊಂಡು ಕೂತಿದ್ದೆಯಲ್ಲ."

"ಏನ್ ಹೇಳ್ಲಿ? ನಮ್ಮಮ್ಮನ್ನ ನಾನೇ ಸಾಯಿಸ್ದೆ ಅಂತ ಹೇಳ್ಲಾ?" ಅವನು ಕನ್ನಡಕವನ್ನು ಕೆಳಗಿಟ್ಟ. "ದಿನಾ ಆ ಮನೇಲೇ ಇರ್ಬೇಕು ನಾನು. ಅವಳ ಕುರ್ಚಿ ಹಾಗೇ ಇದೆ. ನೀನು ಇಲ್ಲಿ ಒಬ್ಬಳೇ ಇರ್ತೀಯ, ನಿಂಗೇನಾಗುತ್ತೆ? ಎರಡು ದಿನ ಅಂತಾರೆ, ಮರೀತಾರೆ."

"ಗುಬ್ಬಿಗಾದ್ರೂ ಹೇಳು. ಬೇರೆ ಯಾರಿಗೂ ಬೇಡ."

"ಹೇಳ್ತೀನಿ. ಸಮಯ ನೋಡಿ ಹೇಳ್ತೀನಿ."

ಏಳು ತಿಂಗಳಾದರೂ ಆ ಸಮಯ ಬರಲಿಲ್ಲ. ಬಂದದ್ದು ಗುಬ್ಬಿ. ಮಾಸ್ಕು ಹೋಗಿ, ಅಂಗಡಿಗಳೆಲ್ಲ ಎಂದಿನಂತೆ ತೆರೆದು, ಜನ ಮತ್ತೆ ಮೈಗೆ ಮೈ ತಾಗಿಸಿಕೊಂಡು ಬಸ್ಸು ಹತ್ತುವ ಕಾಲ. ಆದರೂ ಅವಳು ಹೊಸ್ತಿಲಿನ ಆಚೆಯೇ ನಿಂತಳು. ಮೊದಲಾದರೆ ಚಪ್ಪಲಿ ಒದ್ದು ಬಿಟ್ಟು ನೇರ ಮೇಜಿನ ಹತ್ತಿರ ಬರುತ್ತಿದ್ದವಳು.

"ಈ ಕಡೆ ಬಂದಿದ್ದೆ. ನೋಡ್ಕೊಂಡು ಹೋಗೋಣ ಅಂತ" ಎಂದಳು. ಬ್ಯಾಗಿನ ಪಟ್ಟಿ ತಿರುವುತ್ತ ನಿಂತು, ಉರುಹೊಡೆದದ್ದನ್ನು ಒಪ್ಪಿಸುವವಳಂತೆ ಅಂದಳು: "ಅತ್ತೆ, ನಾನು ನಿಮ್ಮ ಮೇಲೆ ಏನೂ ಇಟ್ಕೊಂಡಿಲ್ಲ. ಬೇಕೂಂತ ಮಾಡಿದ್ದಲ್ವಲ್ಲ ನೀವು. ನಾನು ನಿಮ್ಮನ್ನ ಕ್ಷಮಿಸಿದೀನಿ."

ಬೈದಿದ್ದರೆ ಟೈಲರಮ್ಮ ಸಹಿಸುತ್ತಿದ್ದಳು. ಕ್ಷಮೆ ತಡೆಯಲಾಗಲಿಲ್ಲ.

"ಕ್ಷಮಿಸೋದಾದ್ರೆ ಬೇರೆಯವರಿದಾರೆ. ಹೋಗಿ ನಿಮ್ಮ ಮಾಮನ್ನ ಕೇಳು, ಅವತ್ತು ಬೆಳಗ್ಗೆ ಎಷ್ಟು ಜ್ವರ ಇತ್ತು ಅಂತ. ನಿಮ್ಮಪ್ಪನ್ನ ಕೇಳು, ಮಾತ್ರೆ ಯಾರು ಕೊಟ್ಟಿದ್ದು ಅಂತ. ಆಮೇಲೆ ಬಾ."

ಗುಬ್ಬಿಯ ಮುಖ ಬಿಳಚಿಕೊಂಡಿತು. ಹಾಗೇ ಮೆಟ್ಟಿಲಿಳಿದಳು. ಸಂಜೆ ಅತ್ತಿಗೆಯ ಫೋನು ಬಂತು. "ಸತ್ತವರನ್ನ ಮುಂದಿಟ್ಕೊಂಡು ಮನೆ ಒಡೀತೀಯಲ್ಲ, ನಿಂಗೆ ಒಳ್ಳೇದಾಗಲ್ಲ." ಟೈಲರಮ್ಮ ಕೇಳುವಷ್ಟು ಕೇಳಿ, ಇಟ್ಟಳು.

ವಾರ ಕಳೆದು ಗುಬ್ಬಿ ಮತ್ತೆ ಬಂದಳು. ಈ ಸಲ ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು.

"ಮಾಮ ಒಪ್ಕೊಂಡ್ರು. ಅಪ್ಪ ಎದ್ದು ಹೊರಗೆ ಹೋದ್ರು. ಅಮ್ಮ ಇಬ್ಬರ ಹತ್ರಾನೂ ಮಾತು ಬಿಟ್ಟಿದಾಳೆ. ನನ್ನ ಹತ್ರಾನೂ."

ಟೈಲರಮ್ಮ ನೀರು ತಂದುಕೊಟ್ಟಳು. ಗುಬ್ಬಿ ಕುಡಿದು ಲೋಟವನ್ನು ಮಡಿಲಲ್ಲೇ ಹಿಡಿದುಕೊಂಡಳು.

"ಅಜ್ಜಿ ಅವತ್ತು ಊಟವೇ ಮಾಡ್ಲಿಲ್ಲ ಅತ್ತೆ. ನೀವು ಬರ್ತೀರ ಅಂತ ಪಕ್ಕದ ಕುರ್ಚೀಲಿ ಯಾರನ್ನೂ ಕೂರೋಕೆ ಬಿಡ್ಲಿಲ್ಲ." ಲೋಟವನ್ನು ಕೆಳಗಿಟ್ಟು ಅಂದಳು: "ನೀವು ಬಂದ್ಬಿಡಬೇಕಿತ್ತು. ಹೇಗೂ ಆಗೋದು ಆಯ್ತಲ್ಲ. ಅವರ ಕಣ್ಣಿಗಾದ್ರೂ ಬೀಳ್ತಿದ್ರಿ."

ಟೈಲರಮ್ಮನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಮಾತನ್ನು ಅವಳು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದಳೆಂದರೆ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಹೊಸದೆನಿಸಲಿಲ್ಲ.

"ನಾನು ಬಂದಿದ್ರೆ ನನ್ನಿಂದಲೇ ಬಂತು ಅಂತ ನಾನೂ ನಂಬ್ತಿದ್ದೆ" ಎಂದಳು. "ಈಗ ಅದೊಂದಿಲ್ಲ. ಉಳಿದದ್ದೆಲ್ಲ ಇದೆ."

ಗುಬ್ಬಿ ಬಗ್ಗಿ ಅವಳ ಮೊಣಕಾಲಿಗೆ ಹಣೆ ಒರಗಿಸಿ ಸ್ವಲ್ಪ ಹೊತ್ತು ಕೂತಿದ್ದು, ಗಂಡ ಕೆಳಗೆ ಕಾಯುತ್ತಿದ್ದಾನೆಂದು ಎದ್ದು ಹೋದಳು. ಮೊದಮೊದಲು ತಿಂಗಳಿಗೊಮ್ಮೆ ಬಂದಳು, ಆಮೇಲೆ ಅದೂ ವಿರಳವಾಯಿತು. ಬಂದಾಗಲೆಲ್ಲ ಇಬ್ಬರೂ ಬೇರೆ ಏನೇನೋ ಮಾತಾಡಿ ಸುಸ್ತಾಗುತ್ತಿದ್ದರು.

ಮನೆಯವರ ಮುನಿಸೂ ಕಾಲಕ್ಕೆ ಇಳಿಯಿತು. ಅತ್ತಿಗೆ ಗಂಡನ ಜೊತೆ ಮಾತಾಡಿದಳು, ತಮ್ಮನ ಜೊತೆ ಮಾತಾಡಿದಳು. ಮರುವರ್ಷ ಮೈಕಾಸುರನ ಮಗಳ ಮದುವೆಯಾಯಿತು. ಲೆಕ್ಕದ ಹಂಗಿಲ್ಲದೆ ನಾನೂರು ಜನ ಸೇರಿದರಂತೆ, ಮೈಕಾಸುರನ ಮಾತಿಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಟೈಲರಮ್ಮನನ್ನು ಕರೆಯಬೇಕಲ್ಲವೇ ಎಂದು ಯಾರೋ ಕೇಳಿದ್ದಕ್ಕೆ ಅಣ್ಣ ಹೇಳಿದನಂತೆ, "ಬೇಡ ಬಿಡಿ, ಕರೆದ್ರೂ ಅವಳು ಬರೋಳಲ್ಲ."